ರಸ್ತೆ ಬದಿಯ ಹುಲ್ಲಿಗೂ ಡ್ರಿಪ್

ವಿಮಾನ ನಿಲ್ದಾಣದಿಂದ ಮನೆಗೆ

ಮೊದಲೇ ಹೇಳಿಬಿಡುತ್ತೇನೆ, ಈ ಬರಹದ ಮುಕ್ಕಾಲು ಪಾಲು ಹೊಟ್ಟೆಕಿಚ್ಚು. ಕತಾರಿಗೆ ಹೋಗಿ ಬಂದ ನಮ್ಮೂರಿನವರು ಗಾಜಿನ ಕಟ್ಟಡ, ಕಡಲ ದಂಡೆಯ ದೀಪ, ಮಾಲಿನೊಳಗೆ ತೇಲುವ ದೋಣಿ ಇವುಗಳ ಫೋಟೋ ತೋರಿಸುತ್ತಾರೆ. ನನ್ನ ಫೋನಿನ ತುಂಬ ಇರುವುದು ಕಪ್ಪು ಪೈಪುಗಳು. ನೋಡಿದವರೆಲ್ಲ ನಕ್ಕರು. ನಗಲಿ.

ದೋಹಾದ ವಿಮಾನ ನಿಲ್ದಾಣದಿಂದ ತಮ್ಮ ದಿನೇಶ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಮೊದಲ ಸಿಗ್ನಲಿನಲ್ಲಿ ನಿಂತಾಗ ಕಿಟಕಿಯ ಆಚೆ ನೋಡಿದೆ. ರಸ್ತೆಯ ನಡುವೆ ಹುಲ್ಲು. ಹುಲ್ಲಿನ ಬುಡದಲ್ಲಿ ಬೆರಳು ದಪ್ಪದ ಕಪ್ಪು ಪೈಪು, ಗೇಣಿಗೊಂದರಂತೆ ತೂತು, ತೂತಿಗೊಂದು ಹನಿ. ಇದು ಯಾರ ಬೆಳೆ ಎಂದು ಕೇಳಿದೆ. ಯಾರದ್ದೂ ಅಲ್ಲ, ಚಂದಕ್ಕೆ ಎಂದ. ಚಂದಕ್ಕೆ ಬೆಳೆಸಿದ ಹುಲ್ಲಿಗೆ ಡ್ರಿಪ್. ನನ್ನ ಹೊಟ್ಟೆ ಆ ಸಿಗ್ನಲಿನಲ್ಲೇ ಉರಿಯಲು ಶುರುವಾಯಿತು, ಹಸಿರು ದೀಪ ಬಂದರೂ ಆರಲಿಲ್ಲ.

ಕಾರಣ ಹೇಳಬೇಕು. ನಾನು ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವವಳು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಗಂಟೆ ನೋಡಿಕೊಂಡು ಹೂ ಖರೀದಿಸುವ ಕಟ್ಟೆಗೆ ಕಳಿಸಬೇಕು. ಅದರಲ್ಲಿ ಒಂದಷ್ಟು ಹೂ ವಿಮಾನ ಹತ್ತಿ ಇದೇ ಗಲ್ಫಿಗೆ ಬರುತ್ತದೆ, ಹಾಗಾಗಿ ನನ್ನ ಮಲ್ಲಿಗೆ ನನಗಿಂತ ಮೊದಲೇ ಕತಾರ್ ನೋಡಿದೆ. ಮಾರ್ಚ್ ಬಂತೆಂದರೆ ನಮ್ಮ ಬಾವಿಯ ತಳ ಕಾಣುತ್ತದೆ. ಆಮೇಲೆ ಮಳೆಗಾಲದವರೆಗೆ ಸೊಂಟದ ಮೇಲೆ ಕೊಡಪಾನ, ಗಿಡಕ್ಕೊಂದು ಚೊಂಬು. ನೀರು ಉಳಿಸುವವರಿಗೆ ಸರಕಾರ ಡ್ರಿಪ್ಪಿಗೆ ಸಬ್ಸಿಡಿ ಕೊಡುತ್ತದೆ ಎಂದು ಕೇಳಿ ಅರ್ಜಿ ಹಾಕಿದೆ. ಕಚೇರಿಯವರು ಜಾಗದ ಪಹಣಿ, ಅದೇ ಆರ್‌ಟಿಸಿ, ನೋಡಿ ತಲೆ ಅಲ್ಲಾಡಿಸಿದರು. ಅಪ್ಪ ತೀರಿದ ಮೇಲೆ ಜಾಗ ನನ್ನ ಮತ್ತು ತಮ್ಮನ ಜಂಟಿ ಹೆಸರಿನಲ್ಲಿ ಇದೆ. ಅವನ ಒಪ್ಪಿಗೆ ಪತ್ರ ಬೇಕು, ಅದಕ್ಕೆ ಅಚ್ಚಾದ ಫಾರ್ಮ್ ಉಂಟು ಎಂದು ಕೈಗೆ ಕೊಟ್ಟರು.

ಎರಡು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದೇನೆ. "ನೋಡುವಾ ಅಕ್ಕ" ಎನ್ನುತ್ತಾನೆ. ನಮ್ಮ ಕಡೆ "ನೋಡುವಾ" ಎಂದರೆ ನೋಡುವುದಿಲ್ಲ ಎಂದು ಅರ್ಥ. ಹಾಗಾಗಿ ಫಾರ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಮೂರು ವಾರದ ಮಟ್ಟಿಗೆ ನಾನೇ ಹೊರಟು ಬಂದಿದ್ದೆ. ಕತಾರ್ ನೋಡುವುದು ನೆಪ, ಸಹಿ ಹಾಕಿಸುವುದು ಉದ್ದೇಶ.

ಮದೀನತ್ ಖಲೀಫಾ

ತಮ್ಮನ ಸಂಸಾರ ಇರುವುದು ದೋಹಾದ ಈ ಬಡಾವಣೆಯ ಒಂದು ದೊಡ್ಡ ಮನೆಯ ಕಾಲು ಭಾಗದಲ್ಲಿ. ಹೊರಗಿನಿಂದ ನೋಡಿದರೆ ಬಂಗ್ಲೆ. ಒಳಗೆ ಗೋಡೆ ಹಾಕಿ ನಾಲ್ಕು ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ. ಒಂದು ಗೋಡೆಯಾಚೆ ಮಲಯಾಳಂ, ಇನ್ನೊಂದು ಗೋಡೆಯಾಚೆ ಬ್ಯಾರಿ ಭಾಷೆ. ತಮ್ಮನ ಹೆಂಡತಿ ವನಿತಾ ಒಂದು ಕ್ಲಿನಿಕ್ಕಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮಗಳು, ಅಂದರೆ ನನ್ನ ಸೋದರಸೊಸೆ, ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ, ಅವಳ ಕನ್ನಡ ಅರ್ಧ ಬೆಂದ ಅನ್ನ.

ಮರುದಿನ ಬೆಳಿಗ್ಗೆ ನಾನು ನಳ್ಳಿ ಬಿಟ್ಟು ಅಕ್ಕಿ ತೊಳೆಯುತ್ತಿದ್ದೆ. ಸೊಸೆ ಬಂದು ನಳ್ಳಿ ತಿರುಗಿಸಿ ಬಂದ್ ಮಾಡಿದಳು.

"ಅತ್ತೆ, ವೇಸ್ಟ್ ಮಾಡ್ಬೇಡಿ. ಇದು ಸೀ ವಾಟರ್."

ಕಡಲ ನೀರಿನ ಉಪ್ಪು ತೆಗೆದು ಮನೆಮನೆಗೆ ಕೊಡುತ್ತಾರಂತೆ. ಬೊಗಸೆಯಲ್ಲಿ ಹಿಡಿದು ಕುಡಿದೆ. ಒಂದು ಚೂರು ಉಪ್ಪಿಲ್ಲ. ಕಡಲು ನಮ್ಮ ಮನೆಯಿಂದಲೂ ದೂರವಿಲ್ಲ, ಗಾಳಿ ಜೋರಿದ್ದ ದಿನ ಅಲೆಯ ಸದ್ದು ಅಂಗಳಕ್ಕೆ ಕೇಳುತ್ತದೆ. ಆದರೆ ನಮ್ಮ ಕಡಲು ನಮಗೆ ಮಾಡುವ ಉಪಕಾರವೆಂದರೆ ಬೇಸಿಗೆಯಲ್ಲಿ ಕೆಳಗಿನ ಮನೆಯವರ ಬಾವಿಗೆ ಉಪ್ಪು ನುಗ್ಗಿಸುವುದು. ಇಲ್ಲಿನವರು ಕಡಲನ್ನೇ ಪಳಗಿಸಿ ಕೊಳವೆಗೆ ಕಟ್ಟಿದ್ದಾರೆ. ಅಕ್ಕಿ ತೊಳೆದ ನೀರನ್ನು ನಾನು ಚೆಲ್ಲದೆ ಬಾಲ್ಕನಿಯ ಬಸಳೆಗೆ ಹಾಕಿದೆ, ಸೊಸೆಗೆ ಸಮಾಧಾನವಾಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಫಾರ್ಮನ್ನು ತಮ್ಮನ ತಟ್ಟೆಯ ಪಕ್ಕ ಇಟ್ಟೆ. ಅವನು ಕೈ ತೊಳೆದು ಬಂದು, ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. "ನೋಡುವಾ" ಎಂದ. ವನಿತಾ ಗಂಡನ ಮುಖವನ್ನೂ ನನ್ನ ಮುಖವನ್ನೂ ನೋಡಿ, ಇನ್ನೂ ಸ್ವಲ್ಪ ಸಾರು ಹಾಕಿಕೊಳ್ಳಿ ಅಂದಳು.

ಉಮ್ಮ್ ಸಲಾಲ್ ದಾಟಿ

ದಿನೇಶ ಕೆಲಸ ಮಾಡುವುದು ಉಮ್ಮ್ ಸಲಾಲ್ ದಾಟಿ ಉತ್ತರಕ್ಕೆ ಹೋದರೆ ಸಿಗುವ ಒಂದು ಕೃಷಿ ಜಾಗದಲ್ಲಿ. ಹತ್ತೊಂಬತ್ತು ವರ್ಷವಾಯಿತು. ಜಾಗ ಒಬ್ಬ ಕತಾರಿಯವರದ್ದು, ಅರ್ಬಾಬ್, ಅಂದರೆ ಧಣಿ, ಎಂದೇ ಎಲ್ಲರೂ ಕರೆಯುವುದು. ಅವರು ಬರುವುದು ಅಪರೂಪ. ಬಿತ್ತುವುದರಿಂದ ಮಾರುಕಟ್ಟೆಗೆ ಸಾಗಿಸುವವರೆಗೆ ಎಲ್ಲ ತಮ್ಮನ ಉಸ್ತುವಾರಿ. ಮನೆಯಲ್ಲಿ ಕೂತು ಏನು ಮಾಡಲಿ ಎಂದು ನಾನೂ ಅವನ ಪಿಕಪ್ಪಿನಲ್ಲಿ ದಿನಾ ಹೋಗತೊಡಗಿದೆ. ಅವನು ಕಾಣುವಷ್ಟು ಹೊತ್ತು ಅವನ ಜೇಬಿನ ಮೇಲೂ ಒಂದು ಕಣ್ಣಿಡಬಹುದಲ್ಲ.

ದಾರಿಯುದ್ದಕ್ಕೂ ಬೂದಿ ಬಣ್ಣದ ಕಲ್ಲುನೆಲ. ಒಂದು ಗೇಟು ತೆರೆದರೆ ಒಳಗೆ ಹಸಿರು. ಉದ್ದುದ್ದದ ಗ್ರೀನ್‌ಹೌಸುಗಳು, ಒಳಗೆ ನನ್ನ ತಲೆಗಿಂತ ಎತ್ತರಕ್ಕೆ ದಾರದಲ್ಲಿ ಹಬ್ಬಿಸಿದ ಸೌತೆ, ಒಂದು ತುದಿಯ ಗೋಡೆಯ ಮೇಲೆ ನೀರಿಳಿಯುವ ಕಾಗದದ ಗೂಡು, ಇನ್ನೊಂದು ತುದಿಯಲ್ಲಿ ಫ್ಯಾನು. ಹೊರಗೆ ಬಿಸಿಲು ಏರುತ್ತಿದ್ದರೆ ಒಳಗೆ ಸೌತೆಗಿಡಗಳು ತಂಪಾಗಿ ನಿಂತಿದ್ದವು. ಗಿಡಕ್ಕೊಂದು ನಳಿಕೆ, ನಳಿಕೆಗೊಂದು ಹನಿ, ಅದೂ ಗಂಟೆಯ ಲೆಕ್ಕದಲ್ಲಿ. ಇದರಲ್ಲಿ ನಿಮ್ಮ ಅರ್ಬಾಬ್ ಹಾಕಿದ್ದೆಷ್ಟು ಎಂದು ಕೇಳಿದೆ. ಪೈಪು, ಗ್ರೀನ್‌ಹೌಸು, ಬೀಜ, ಗೊಬ್ಬರ ಹೆಚ್ಚಿನದೆಲ್ಲ ಸರಕಾರದ್ದೇ ಎಂದ. ನೆಲದಡಿಯ ನೀರು ಮುಗಿಯುತ್ತಾ ಬಂದಿದೆ, ಇರುವುದೂ ಉಪ್ಪು. ಹಳೆಯ ಹಾಗೆ ಕಾಲುವೆಯಲ್ಲಿ ನೀರು ಹಾಯಿಸುವುದನ್ನು ಬಿಟ್ಟು ಹನಿಗೆ ಬದಲಾದರೆ ಈ ಸಹಾಯ. ಬಾವಿಗೆ ಮೀಟರ್ ಇಟ್ಟಿದ್ದಾರೆ. ಸರಕಾರದ ಇಂಜಿನಿಯರ್ ಬಂದು ನೋಡುತ್ತಾರೆ.

"ಅವರೇ ಬರ್ತಾರಾ? ಇಲ್ಲಿಗೆ?"

"ಬಾರದೆ? ಅವರ ಕೆಲಸ ಅಲ್ವಾ ಅದು."

ಈ ಮಾತು ನನಗೆ ಗ್ರೀನ್‌ಹೌಸಿಗಿಂತ ಹೆಚ್ಚು ಚುಚ್ಚಿತು. ನಾನು ಒಂದು ಕಾಗದಕ್ಕೆ ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಿದ್ದೇನೆಂದು ಆ ಮೆಟ್ಟಿಲಿಗೇ ಗೊತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ನಮ್ಮ ಗಾದೆ. ಇವರಲ್ಲಿ ಪೂಜಾರಿಯೇ ಪ್ರಸಾದ ಹಿಡಿದುಕೊಂಡು ಗೇಟಿಗೆ ಬರುತ್ತಾನೆ. ಮಳೆಯಿಲ್ಲದ ಊರಿಗೆ ಇಷ್ಟು, ಮಳೆಗಾಲದಲ್ಲಿ ಅಂಗಳಕ್ಕೆ ಹೊಳೆ ಬರುವ ಊರಿಗೆ ಕೊಡಪಾನ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ.

ಆದರೆ ದಿನೇಶ ಆ ವಾರ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಭಾನುವಾರ ಇಂಜಿನಿಯರ್ ಬಂದು ಮೀಟರ್ ನೋಡಿ, ಈ ಜಾಗವನ್ನು ಸಹಾಯದ ಪಟ್ಟಿಯಲ್ಲಿ ಇಡುವುದೋ ತೆಗೆಯುವುದೋ ಎಂದು ಬರೆಯುವವರಿದ್ದರು. ಪಟ್ಟಿಯಿಂದ ಹೋದರೆ ಅರ್ಬಾಬ್ ಕೃಷಿ ನಿಲ್ಲಿಸಿ ಜಾಗವನ್ನು ಚಳಿಗಾಲದಲ್ಲಿ ಮೋಜಿಗೆ ಟೆಂಟು ಹಾಕುವವರಿಗೆ ಕೊಡುತ್ತಾರಂತೆ. ಆಗ ಕೆಲಸಗಾರರ ಜೊತೆ ತಮ್ಮನ ವೀಸಾವೂ ಹೋಗುತ್ತದೆ. ಇದನ್ನು ನನಗೆ ಹೇಳಿದವಳು ವನಿತಾ. ಕೇಳಿ ಬೇಸರವಾಯಿತು. ಜೊತೆಗೆ, ಹೋದರೆ ಊರಿಗೆ ಬಂದಾನು, ಆಗ ಸಹಿ ಹಾಕಲೇಬೇಕಲ್ಲ ಎಂದೂ ಅನಿಸಿತು. ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದೇನೆ, ಮುಚ್ಚಿಡುವುದಿಲ್ಲ.

ಗುರುವಾರ

ಜಾಗದ ಮೂಲೆಯಲ್ಲಿ ತಮ್ಮನ ಆಫೀಸು ಕೋಣೆ. ಅದರ ಗೋಡೆಗೆ ತಾಗಿ ಒಂದು ಮಲ್ಲಿಗೆ ಗಿಡ. ನಮ್ಮ ಹಿತ್ತಿಲಿನ ಗಿಡದ ಗೆಲ್ಲು ನೆಟ್ಟದ್ದು, ಅವನು ಹೇಗೆ ತಂದನೆಂದು ಕೇಳಬೇಡಿ. ಅದಕ್ಕೂ ಒಂದೇ ನಳಿಕೆ, ಒಂದೇ ಹನಿ. ಗಿಡ ಬದುಕಿತ್ತು, ಹೂವೂ ಇತ್ತು, ಆದರೆ ನನ್ನ ಕಣ್ಣಿಗೆ ಅದು ಬಾಯಾರಿ ನಿಂತಂತೆ ಕಾಣುತ್ತಿತ್ತು. ಅದರ ಹಿಂದೆ ಖರ್ಜೂರದ ಮರಗಳ ಸಾಲು, ಸಾಲಿನ ಬುಡದಲ್ಲಿ ಹಳೆಯ ಸಿಮೆಂಟ್ ಕಾಲುವೆ, ಕಾಲುವೆಯ ತಲೆಯಲ್ಲಿ ಕೆಂಪು ಚಕ್ರದ ವಾಲ್ವ್. ಆ ಚಕ್ರ ಕಂಡಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು.

ಗುರುವಾರ ಬೆಳಿಗ್ಗೆ ತಮ್ಮ ಸೌತೆ ತುಂಬಿಕೊಂಡು ಮಾರುಕಟ್ಟೆಗೆ ಹೋಗಿದ್ದ. ನಾನು ಕೋಣೆಯ ಹೊರಗೆ ಕುಳಿತು ಮೀನು ಕೊಯ್ಯುತ್ತಿದ್ದೆ. ಒಂದು ಬಿಳಿ ಕಾರು ಬಂತು. ಇಳಿದವರು ಐವತ್ತು ದಾಟಿದ ದಪ್ಪ ಮನುಷ್ಯ, ಕೈಯಲ್ಲಿ ಫೈಲು. ಬಾಂಗ್ಲಾದ ಕೆಲಸಗಾರ ಶಫೀಕ್ ಓಡಿಬಂದು ಸಲಾಂ ಮಾಡಿ, ಇವರೇ ಇಂಜಿನಿಯರ್ ಸಾಹೇಬರು, ಮಿಸ್ರಿ, ಅಂದರೆ ಈಜಿಪ್ಟಿನವರು ಎಂದು ಹಿಂದಿಯಲ್ಲಿ ನನಗೆ ಹೇಳಿದ. ಭಾನುವಾರ ಬರಬೇಕಾದವರು ಈ ದಾರಿಯಲ್ಲಿ ಹೋಗುವಾಗ ಒಮ್ಮೆ ಇಣುಕಿದ್ದಂತೆ. ಮೀಟರ್ ನೋಡಿ ಬರೆದುಕೊಂಡರು, ಸುತ್ತು ಹಾಕಿದರು. ಹೋಗುವ ಮುಂಚೆ ಮಲ್ಲಿಗೆ ಗಿಡದ ಹತ್ತಿರ ನಿಂತು ಬಗ್ಗಿ ನೋಡಿದರು. ಎರಡೂ ಕೈ ಅಗಲ ಮಾಡಿ ನನ್ನತ್ತ ತಿರುಗಿ, "ಫುಲ್, ಮದಾಮ್. ಫುಲ್" ಎಂದರು. ನಕ್ಕರು. ಕಾರು ಹತ್ತಿ ಹೋದರು.

ನಮ್ಮೂರಿನಲ್ಲಿ ಫುಲ್ ಎಂದರೆ ಮಕ್ಕಳಿಗೂ ಗೊತ್ತು. ಬಸ್ಸು ಫುಲ್, ಟ್ಯಾಂಕಿ ಫುಲ್. ಸರಕಾರದ ಇಂಜಿನಿಯರೇ ಗಿಡ ತೋರಿಸಿ, ಕೈ ಅಗಲಿಸಿ, ನೀರು ಫುಲ್ ಬಿಡಿ ಎಂದು ಹೇಳಿ ಹೋದ ಮೇಲೆ ನಾನು ಯಾರನ್ನು ಕೇಳಲಿ? ಶಫೀಕ್ ಆಗಲೇ ಗ್ರೀನ್‌ಹೌಸಿನೊಳಗೆ ಹೋಗಿದ್ದ. ಕೈಯ ಮೀನಿನ ಪೊರೆ ತೊಳೆದು, ಕೆಂಪು ಚಕ್ರವನ್ನು ಕೊನೆಯವರೆಗೆ ತಿರುಗಿಸಿದೆ.

ಆಹಾ, ಆ ನೀರು ಬಂದ ಬಗೆ! ಕಾಲುವೆ ತುಂಬಿ, ಮಲ್ಲಿಗೆಯ ಬುಡ ತುಂಬಿ, ಖರ್ಜೂರದ ಸಾಲಿಗೆ ಹರಿಯಿತು. ಸೀರೆ ಎತ್ತಿ ಕಟ್ಟಿ ಕಾಲುವೆಯ ಅಂಚಿನಲ್ಲಿ ಕುಳಿತು ಎರಡೂ ಕಾಲು ಇಳಿಬಿಟ್ಟೆ. ಎಷ್ಟು ವರ್ಷವಾಗಿತ್ತು ಮಾರ್ಚ್ ತಿಂಗಳಲ್ಲಿ ಹರಿಯುವ ನೀರಿಗೆ ಕಾಲು ಹಾಕಿ. ಆಮೇಲೆ ಒಳಗೆ ಹೋಗಿ ಮಸಾಲೆ ಅರೆದು ಸಾರಿಗಿಟ್ಟೆ. ನೀರು ತನ್ನ ಪಾಡಿಗೆ ಹರಿಯುತ್ತಿತ್ತು.

ದಿನೇಶ ಬಂದದ್ದು ಸಾರು ಕುದಿದು ಇಳಿಸುವ ಹೊತ್ತಿಗೆ. ಅವನು ಬೈಯಲಿಲ್ಲ. ವಾಲ್ವ್ ಮುಚ್ಚಿದ. ಬಾವಿಯ ಹತ್ತಿರ ಹೋಗಿ ಮೀಟರಿನ ಎದುರು ಕುಕ್ಕುರುಗಾಲಲ್ಲಿ ಕುಳಿತ. ಅಂಕಿಯನ್ನು ಎರಡೆರಡು ಸಲ ಓದಿದ. ಹತ್ತಿರ ಹೋಗಿ, ಇಂಜಿನಿಯರೇ ಫುಲ್ ಬಿಡಲು ಹೇಳಿದರು ಎಂದೆ.

"ಅಕ್ಕ, ಅವರ ಭಾಷೆಯಲ್ಲಿ ಫುಲ್ ಅಂದ್ರೆ ಮಲ್ಲಿಗೆ."

ನನ್ನ ಕಾಲಿನ ಒದ್ದೆ ಇನ್ನೂ ಆರಿರಲಿಲ್ಲ. ಮನುಷ್ಯ ಮಲ್ಲಿಗೆ ನೋಡಿ ಮಲ್ಲಿಗೆ ಎಂದಿದ್ದ, ಅಷ್ಟೇ. ಡ್ರಿಪ್ಪಿನಲ್ಲಿ ಒಂದು ವಾರಕ್ಕೆ ಹೋಗುವ ನೀರು ಒಂದು ಮೀನುಸಾರಿನ ಹೊತ್ತಿನಲ್ಲಿ ಹೋಗಿತ್ತು. ಅದೂ ಯಾವ ಕಾಲುವೆಯನ್ನು ಬಳಸಬಾರದೆಂದು ಕರಾರಿತ್ತೋ ಅದರಲ್ಲೇ. ಮಧ್ಯಾಹ್ನ ಸಾರು ಬಡಿಸಿ, ನಾಳೆಯಿಂದ ನಾನು ಮನೆಯಲ್ಲೇ ಇರುತ್ತೇನೆ ಎಂದೆ. ಬೇಡ, ಭಾನುವಾರ ನೀನೂ ಇರಬೇಕು, ಆದದ್ದನ್ನು ಆದ ಹಾಗೆ ಹೇಳಬೇಕು ಎಂದ.

ಭಾನುವಾರ

ಅಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ವಾರದ ಮೊದಲ ದಿನ. ನಮ್ಮ ಪಿಕಪ್ ಗೇಟು ದಾಟಿದಾಗ ನನಗೆ ಮೊದಲು ಕಂಡದ್ದು ಖರ್ಜೂರದ ಸಾಲು. ಗುರುವಾರ ಒದ್ದೆಯಾಗಿದ್ದ ನೆಲವೆಲ್ಲ ಬಿಳಿ, ಹಳೆಯ ಉಪ್ಪಿನಕಾಯಿ ಭರಣಿಯ ಅಂಚಿನ ಹಾಗೆ. ಬಾವಿ ನೀರಿನ ಉಪ್ಪು ಮೇಲೆ ಬಂದು ಕಟ್ಟಿಕೊಂಡಿತ್ತು. ಮಲ್ಲಿಗೆಯ ಎಲೆಗಳ ತುದಿ ಕಂದಿತ್ತು. ಇಲ್ಲಿ ನೀರು ಹೆಚ್ಚಾದರೂ ಗಿಡ ಸಾಯುತ್ತದೆ ಎಂದು ತಮ್ಮ ಹೇಳಿದ. ಬಾಯಾರಿದೆ ಎಂದು ನಾನು ಕನಿಕರಪಟ್ಟದ್ದು ಆ ಗಿಡಕ್ಕೆ ಮುಳುವಾಗಿತ್ತು.

ಇಂಜಿನಿಯರ್ ಬಂದರು. ತಮ್ಮ ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದ, ನಡುನಡುವೆ ನನ್ನತ್ತ ಕೈ ತೋರಿಸಿದ. ನಾನು ತಪ್ಪಿತಸ್ಥ ಶಾಲಾಮಗುವಿನ ಹಾಗೆ ಸೆರಗು ಹಿಡಿದು ನಿಂತಿದ್ದೆ. "ಫುಲ್" ಎಂಬಲ್ಲಿಗೆ ಬಂದಾಗ ಆ ಮನುಷ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನೂ ನಕ್ಕೆ, ಬದುಕಿದೆ ಎಂದುಕೊಂಡೆ. ಆದರೆ ಕನ್ನಡಕ ಹಾಕಿಕೊಂಡು, ಮೀಟರಿನ ಅಂಕಿಯನ್ನು ಇದ್ದ ಹಾಗೆಯೇ, ಒಂದು ಗೆರೆ ಕಡಿಮೆ ಮಾಡದೆ ಬರೆದರು. ನಗು ಬೇರೆ, ಬರಹ ಬೇರೆ. ಕಾಲುವೆಗೆ ಬರುವ ಪೈಪನ್ನು ಅಲ್ಲೇ ನಿಂತು ಕತ್ತರಿಸಿ ಮುಚ್ಚಿಸಿದರು. ಮೂರು ತಿಂಗಳ ಬಳಿಕ ಮತ್ತೆ ನೋಡುತ್ತೇನೆ, ಆವರೆಗೆ ಪಟ್ಟಿಯಲ್ಲಿ ಇರಲಿ ಎಂದು ಬರೆದು, ಫೈಲು ಮುಚ್ಚಿ, "ಖಲಾಸ್" ಎಂದರು. ನಾನು ತಮ್ಮನ ತೋಳು ಹಿಡಿದೆ. ನಮ್ಮಲ್ಲಿ ಖಲಾಸ್ ಎಂದರೆ ಕತೆ ಮುಗಿದಂತೆ. ಇಲ್ಲಿ ಕೆಲಸ ಮುಗಿಯಿತು ಎಂದು ಅರ್ಥ, ಹೆದರಬೇಡ ಎಂದು ತಮ್ಮ ಮೆಲ್ಲಗೆ ಹೇಳಿದ. ಆ ದೇಶದ ಶಬ್ದಗಳು ನನಗೆ ಆಗಿಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅರ್ಬಾಬ್ ಬಂದರು. ಉದ್ದನೆಯ ಬಿಳಿ ಅಂಗಿ, ಅತ್ತರಿನ ಪರಿಮಳ, ಸೌಜನ್ಯದ ಮನುಷ್ಯ. ನನ್ನ ಕ್ಷೇಮ ವಿಚಾರಿಸಿದರು. ಬಿಸಿಲಿಗೆ ಕಾರಿನಿಂದ ಪೂರ್ತಿ ಇಳಿಯಲಿಲ್ಲ, ಒಂದು ಕಾಲು ಹೊರಗಿಟ್ಟು ಕುಳಿತರು. ಸಹಿ ಹಾಕಬೇಕಾದ ಹಾಳೆಯನ್ನು ದಿನೇಶ ಹಲಗೆಯ ಮೇಲಿಟ್ಟು ಹಿಡಿದುಕೊಂಡ. ಎಲ್ಲಿ ಸಹಿ ಎಂದು ಇಂಜಿನಿಯರ್ ಬೆರಳಿಟ್ಟು ತೋರಿಸಿದರು. ಅರ್ಬಾಬ್ ಸಹಿ ಹಾಕಿ, ಎಲ್ಲರಿಗೂ ಕೈ ಬೀಸಿ ಹೋದರು. ಅವರ ಸಹಿಯ ಕೆಳಗೆ ಅರಬ್ಬಿಯಲ್ಲಿ ಏನು ಬರೆದಿದೆ ಎಂದು ತಮ್ಮನನ್ನು ಕೇಳಿದೆ.

"ರೈತನ ಸಹಿ" ಎಂದ.

ಹಲಗೆ ಹಿಡಿದ ಅವನ ಕೈಯಲ್ಲಿ ಉಗುರಿನ ಸಂದಿಯಲ್ಲೆಲ್ಲ ಮಣ್ಣಿತ್ತು. ಅದು ನನ್ನ ಕಣ್ಣಿಗೆ ಬಿತ್ತು, ಅಷ್ಟೇ. ನನ್ನ ತಲೆಯಲ್ಲಿದ್ದದ್ದು ಬೇರೆ. ಕಂಟಕ ಕಳೆಯಿತು, ಮನಸ್ಸು ಹಗುರವಾಗಿದೆ, ಈಗಲೇ ಸಹಿ ಕೇಳಬೇಕು. ಕೇಳಿದೆ. ಅವನು ಜೇಬಿನಿಂದ ಫಾರ್ಮ್ ತೆಗೆದು ಬಿಡಿಸಿದ. ಅಷ್ಟು ದಿನವೂ ಅದು ಒಂದು ಅಂಗಿಯಿಂದ ಇನ್ನೊಂದು ಅಂಗಿಗೆ ಹೋಗುತ್ತಾ ಅವನ ಜೊತೆಯಲ್ಲೇ ಇತ್ತು.

"ಇದರ ಮೂರನೇ ಸಾಲು ಓದಿದ್ದೀಯಾ ನೀನು?"

ಓದಿರಲಿಲ್ಲ. ಅಚ್ಚಾದ ಫಾರ್ಮನ್ನು ಯಾರು ಓದುತ್ತಾರೆ? ಅವನು ಓದಿ ಹೇಳಿದ. 'ಸದರಿ ಜಮೀನಿನಲ್ಲಿ ನಾನು ಕೃಷಿ ಮಾಡುತ್ತಿಲ್ಲ. ನಾನು ಕೃಷಿಕನಲ್ಲ/ಕೃಷಿಕಳಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ. ಅನ್ವಯಿಸದ್ದನ್ನು ಹೊಡೆದುಹಾಕಿ.'

"ಹೌದಲ್ಲ ಮಾರಾಯ, ಊರಿನಲ್ಲಿ ನೀನೆಲ್ಲಿ ಕೃಷಿ ಮಾಡುವುದು? ಬರೇ ಒಂದು ಸಾಲು. ಸೈನ್ ಹಾಕಿದ್ರೆ ಎಂತ ಹೋಗ್ತದೆ?"

"ಹೋಗುವುದು ಆ ಒಂದು ಸಾಲೇ ಅಕ್ಕ. ನಾನು ರೈತ ಅಂತ ಭೂಮಿ ಮೇಲೆ ಎಲ್ಲಾದ್ರೂ ಬರೆದದ್ದು ಇದ್ರೆ ಆ ಆರ್‌ಟಿಸಿಯಲ್ಲಿ ಮಾತ್ರ. ನಿನಗೆ ಮಳೆ ಉಂಟು, ಮಣ್ಣು ಉಂಟು, ಹೆಸರು ಉಂಟು. ನನಗೆ ಹೊಟ್ಟೆ ಉರಿಯುವುದಿಲ್ಲ ಅಂತ ತಿಳ್ಕೊಂಡಿದ್ದೀಯಾ?"

ಕಾಗದವನ್ನು ಅದೇ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟ. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ, ಕರುಣೆ ಬರಲಿಲ್ಲ. ಇಷ್ಟೆಲ್ಲ ಪೈಪಿನ ನಡುವೆ ನಿಂತು ಕೊಡಪಾನದವಳ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೇನು? ಒಂದು ಗೆರೆ ಸಹಿಗೆ ಇಷ್ಟು ದೊಡ್ಡ ಮಾತು ಯಾಕೆ? ಉಳಿದ ದಿನಗಳನ್ನು ಮದೀನತ್ ಖಲೀಫಾದ ಕಾಲು ಭಾಗದ ಮನೆಯಲ್ಲೇ ಕಳೆದೆ. ವನಿತಾ ಮಾಲಿಗೆ, ಕಡಲ ದಂಡೆಗೆ ಕರೆದುಕೊಂಡು ಹೋದಳು. ದೀಪಗಳು ಚೆನ್ನಾಗಿದ್ದವು.

ಊರು

ಬಂದ ಮರುವಾರ ಕಚೇರಿಗೆ ಹೋದೆ. ದಾರಿಯಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಅರ್ಜಿ ನನ್ನ ಹೆಸರಿನಲ್ಲೇ ಯಾಕೆ ಇರಬೇಕು? ತಮ್ಮನ ಹೆಸರಿನಲ್ಲಿ ಹಾಕಿ, ಒಪ್ಪಿಗೆ ನಾನು ಕೊಟ್ಟರಾಯಿತು. ಅವನು ಕೃಷಿಕನಾಗಿಯೇ ಉಳಿಯುತ್ತಾನೆ, ನನ್ನ ಮಲ್ಲಿಗೆಗೆ ಪೈಪು ಬರುತ್ತದೆ. ಪೈಪಿಗೆ ಹೆಸರಿನ ಹಂಗಿದೆಯೇ? ಇಷ್ಟು ಸುಲಭದ ದಾರಿ ಅಲ್ಲೇ ಹೊಳೆದಿದ್ದರೆ ಭಾನುವಾರದ ಜಗಳವೇ ಇರುತ್ತಿರಲಿಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಕಚೇರಿಯ ಗುಮಾಸ್ತೆ ಕೇಳಿ, ಧಾರಾಳವಾಗಿ ಆಗುತ್ತದೆ, ತಮ್ಮನಿಂದ ಅರ್ಜಿ ತರಿಸಿ ಎಂದಳು. ನಿಮ್ಮ ಒಪ್ಪಿಗೆಯನ್ನು ಈಗಲೇ ಕೊಟ್ಟು ಹೋಗಬಹುದು ಎಂದು ಹೊಸ ಫಾರ್ಮ್ ಕೊಟ್ಟಳು. ಪೆನ್ನನ್ನೂ ಅವಳೇ ಕೊಟ್ಟಳು. ಹೆಸರು ಬರೆದೆ, ಸರ್ವೆ ನಂಬರ್ ಬರೆದೆ. ಮೂರನೇ ಸಾಲಿಗೆ ಬಂದೆ. 'ಕೃಷಿಕನಲ್ಲ' ಎಂಬುದು ನನಗೆ ಅನ್ವಯಿಸದು, ಹೊಡೆದುಹಾಕಿದೆ. ಉಳಿದದ್ದು 'ಕೃಷಿಕಳಲ್ಲ'.

ಕೆಳಗೆ ಸಹಿ ಹಾಕಬೇಕು, ಅಷ್ಟೇ. ಆ ಬೆಳಿಗ್ಗೆ ಕೊಯ್ದ ಮೊಗ್ಗಿನ ತೊಟ್ಟಿನ ಕರೆ ನನ್ನ ಬೆರಳಿನಲ್ಲಿ ಕಪ್ಪಾಗಿ ಅಂಟಿತ್ತು. ಪೆನ್ನು ಕಾಗದಕ್ಕೆ ತಾಗಿಸಿದೆ, ಒಂದು ಚುಕ್ಕೆ ಬಿತ್ತು. ಕೈ ಮುಂದೆ ಹೋಗಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಮಾಡಿ ಅಮ್ಮ ಎಂದರು. ಪೆನ್ನು ವಾಪಸು ಕೊಟ್ಟು, ಫಾರ್ಮ್ ಮಡಚಿಕೊಂಡು, ಮೆಟ್ಟಿಲಿಳಿದು ಬಸ್ ನಿಲ್ದಾಣದಲ್ಲಿ ಕುಳಿತು ತಮ್ಮನಿಗೆ ಫೋನ್ ಮಾಡಿದೆ. ಬಂದ ಮೇಲೆ ಅವನೊಂದಿಗೆ ಮಾತಾಡಿದ್ದು ಅದೇ ಮೊದಲು. ಉಪಾಯ ಹೇಳಿದೆ, ಫಾರ್ಮಿನ ಕತೆ ಹೇಳಿದೆ. ಸಹಿ ಹಾಕಲು ಆಗಲಿಲ್ಲ ಎಂದೂ ಹೇಳಿದೆ.

ಆಚೆಯಿಂದ ಕೇಳುತ್ತಿದ್ದ ಗ್ರೀನ್‌ಹೌಸಿನ ಫ್ಯಾನಿನ ಸದ್ದು ಸಣ್ಣದಾಯಿತು, ಅವನು ಹೊರಗೆ ಬಂದಿರಬೇಕು.

"ಮೂರನೇ ಸಾಲಿನಲ್ಲಾ?" ಎಂದು ಕೇಳಿದ.

"ಹೌದು" ಎಂದೆ.